ಚಿಕ್ಕಮಾವನವರ ಕೆನಡಾ ನೆಂಟಸ್ತಿಕೆ

ನಮ್ಮ ಚಿಕ್ಕಮಾವನವರಿಗೆ ಕೆನಡಾದಲ್ಲಿ ರಕ್ತಸಂಬಂಧಿಗಳಿದ್ದಾರೆ. ನಗಬೇಡಿ! ನಾನು ನಕ್ಕಿದ್ದಕ್ಕೇ ಎರಡು ದಿನ ನನ್ನ ಕೈಯ ಕಾಫಿ ಬಿಟ್ಟು, ಎದುರಿನ ಅಂಗಡಿಯ ಬೆಂಚಿನಲ್ಲಿ, ನನಗೆ ಕಾಣುವ ಹಾಗೆಯೇ ಕೂತು, ಸೊರ ಸೊರ ಟೀ ಕುಡಿದರು.

ಅವರು ನನ್ನ ಯಜಮಾನರ ಚಿಕ್ಕಪ್ಪ. ಮದುವೆಯಾಗಲಿಲ್ಲ, ಹೊಸೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಸೊಸೆಯನ್ನು ತವರೂರಿನ ಹೆಸರಿನಿಂದ ಕರೆಯುವುದು ಈ ಮನೆಯ ಪದ್ಧತಿ. "ಕೃಷ್ಣಗಿರೀ... ಕೃಷ್ಣಗಿರೀ!" ಎಂದು ಅವರು ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದರೆ, ಬೀದಿಯಲ್ಲಿ ಹೋಗುವವರು ಬಸ್ಸು ಬಂತೇನೋ ಎಂದು ಚೀಲ ಎತ್ತಿಕೊಳ್ಳುತ್ತಾರೆ.

ಹೋದ ವರ್ಷ ನಮ್ಮ ಮಹಡಿಗೆ ಲೂಕ್ ಬಾಡಿಗೆಗೆ ಬಂದ. ಕಾರ್ಖಾನೆಯ ಕೆಲಸಕ್ಕೆ ಕೆನಡಾದಿಂದ, ಅದೂ ಫ್ರೆಂಚ್ ಮಾತಾಡುವ ಸೀಮೆಯಿಂದ ಬಂದವನು. ಒಂದೇ ವಾರಕ್ಕೆ ಮಾವನವರ ಬಾಯಲ್ಲಿ ಲೂಕಪ್ಪನಾದ. ಭಾನುವಾರ ಬಂತೆಂದರೆ ಅವನು ತನ್ನ ವಂಶವೃಕ್ಷವನ್ನು ಹಾಸಿಕೊಂಡು ಕೂರುತ್ತಿದ್ದ, ಮಾವ ಅದರ ಮೇಲೆ ಕನ್ನಡಕ ಊರುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ನಾನು ದುಭಾಷಿ.

"ಇದೇನ್ ಕೃಷ್ಣಗಿರಿ, ಇವ್ರ ಮನೇಲಿ ಗಂಡೆಲ್ಲಾ ಜೋಸೆಫು, ಹೆಣ್ಣೆಲ್ಲಾ ಮೇರಿ?"

"ಚರ್ಚಲ್ಲಿ ಇಡೋ ಹೆಸರು ಮಾವ. ಕರೆಯೋದಕ್ಕೆ ಬೇರೆ ಇರುತ್ತೆ."

"ಓ, ನಮ್ ಮುನಿಯಪ್ಪನೋರ ತರ!"

ನಿಜವೇ. ನಮ್ಮ ವಂಶದಲ್ಲಿ ಏಳು ಜನ ಮುನಿಯಪ್ಪಂದಿರು. ಒಬ್ಬರಿಗೆ ಬಂದ ಮದುವೆ ಕಾಗದಕ್ಕೆ ಏಳೂ ಜನ ಹೋಗಿ ಉಂಡು ಬಂದದ್ದುಂಟು!

ಲೂಕನ ಮೂಲಪುರುಷ ಒಬ್ಬ ಸಿಪಾಯಿ. ದಂಡಿನಲ್ಲಿ ಅವನನ್ನು 'ಹೂವು' ಎಂದು ಕರೆಯುತ್ತಿದ್ದರಂತೆ. ಆ ಸೀಮೆಯಲ್ಲಿ ಇಂಥ ಕರೆಯುವ ಹೆಸರು ಮನೆತನದ ಹೆಸರಿಗೆ ಬಾಲವಾಗಿ ಅಂಟಿಕೊಂಡು, ಎಷ್ಟೋ ಸಲ ತಲೆ ಉದುರಿ ಬಾಲವೇ ಉಳಿಯುತ್ತಿತ್ತಂತೆ.

"ನಮ್ದೂ ಹಂಗೇ ಅಲ್ವೇನಮ್ಮ! ನಮ್ ತಾತ ಗುಂಡುಕಲ್ ಎತ್ತಕ್ಕೋಗಿ ಕಾಲ್ಮೇಲ್ ಹಾಕ್ಕೊಂಡ, ಅವತ್ತಿಂದ ನಾವು ಗುಂಡುಕಲ್ಲೋರು. ನಮ್ಮಮ್ಮನ ತವ್ರೂರು ಬೇರಿಕೆ ಸಂತೇಲಿ ಹೂವಿನೋರು ಅವ್ರೆ. ಲೂಕಪ್ಪಾ, ನೀನು ನಮ್ಮಮ್ಮನ ಕಡೆಯೋನು ಕಣ್ಲಾ!"

ಲೂಕ್ ಏನು ತಿಳಿದನೋ, ಎದ್ದು ಕೈಮುಗಿದ. ಸಂಬಂಧ ಖಾಯಂ!

ಇನ್ನೊಂದು ಭಾನುವಾರ ಲೂಕ್ ತನ್ನ ಅಜ್ಜಿಯರನ್ನು ತೋರಿಸಿದ. ಅವರ ಕಡೆಯ ಚರ್ಚಿನ ಪುಸ್ತಕಗಳಲ್ಲಿ ಹೆಂಗಸರಿಗೆ ಮದುವೆಯಾದರೂ ತವರಿನ ಹೆಸರೇ. ಒಂಬತ್ತು ತಲೆಮಾರಿನ ಅಜ್ಜಿಯರು, ಒಬ್ಬೊಬ್ಬರೂ ಪೂರ್ತಿ ಹೆಸರಿನೊಂದಿಗೆ ಸಾಲಾಗಿ ನಿಂತಿದ್ದರು.

"ನಿಮ್ಮ ತಾಯಿಯ ಹೆಸರು?" ಎಂದು ಮಾವನವರನ್ನು ಕೇಳಿದ.

ತಾಯಿ ತೀರಿಕೊಂಡಾಗ ಅವರಿಗೆ ನಾಲ್ಕು ವರ್ಷ. ಮನೆಯಲ್ಲಿ ಎಲ್ಲರೂ ಆಕೆಯನ್ನು 'ಬೇರಿಕೆಯೋಳು' ಅಂದದ್ದಷ್ಟೇ ಅವರ ಕಿವಿಯಲ್ಲಿತ್ತು.

ಮರುದಿನವೇ ಇಸ್ತ್ರಿ ಪಂಚೆ ಉಟ್ಟು, ನನ್ನನ್ನೂ ಹೊರಡಿಸಿಕೊಂಡು ಬೇರಿಕೆಗೆ ಹೊರಟರು. ದಾರಿಯಲ್ಲಿ ಕಂಡಕ್ಟರನನ್ನೂ ತಾಯಿಯ ಹೆಸರು ಕೇಳದೆ ಬಿಡಲಿಲ್ಲ, ಅವನಿಗೆ ಮೂವತ್ತು ವರ್ಷವೂ ಇರಲಿಲ್ಲ! ತಾಯಿಯ ತವರಿನ ಬೀದಿಯಲ್ಲಿ ಆ ಕಾಲದವರು ಉಳಿದಿದ್ದುದು ಒಬ್ಬರೇ ಅಜ್ಜಿ.

"ಗುಂಡುಕಲ್ಲೋರ ಮನೆಗ್ ಕೊಟ್ಟಿದ್ರಲ್ಲ, ಅವ್ಳಾ? ಗೊತ್ತಿಲ್ದೆ ಏನ್ಲಾ! ನಂಗೆ ಜಡೆ ಹಾಕ್ತಿದ್ಲು."

"ಹೆಸ್ರು ಏನವ್ವ?" ಮಾವನವರ ಕೈಯಲ್ಲಿ ಪೆನ್ಸಿಲ್ ಸಿದ್ಧವಾಗಿತ್ತು.

"ಹೊಸೂರೋಳು."

"ಅದು ಮದ್ವೆ ಆದ್ಮೇಲೆ ಕಣವ್ವ. ಅದಕ್ಮುಂಚೆ?"

ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ಯೋಚಿಸಿದರು. "ಅದಕ್ಮುಂಚೆ... ಪಾಪ. ಮಗೂನ ಕರೆಯೋ ಹಂಗೆ ಎಲ್ರೂ ಪಾಪಾ, ಪಾಪಾ ಅಂತಿದ್ರು."

ಹೊಸೂರಿನಲ್ಲಿ ಬೇರಿಕೆಯೋಳು, ಬೇರಿಕೆಯಲ್ಲಿ ಹೊಸೂರೋಳು! ಬಸ್ಸಿನ ಬೋರ್ಡಿಗೆ ಸಾಕು, ಒಬ್ಬ ತಾಯಿಗೆ ಸಾಲದು.

ಮನೆಗೆ ಬಂದವರೇ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ತಾವೇ ಎಳೆದಿದ್ದ ವಂಶವೃಕ್ಷವನ್ನು ಬಿಚ್ಚಿದರು. ತಾಯಿಯ ಚೌಕದಲ್ಲಿ 'ಪಾಪ' ಎಂದು ಬರೆದು, ಅದನ್ನೇ ನೋಡುತ್ತಾ ಕೂತರು. ಆಮೇಲೆ ಕೆಳಗಿನ ಚೌಕದಲ್ಲಿದ್ದ 'ಕೃಷ್ಣಗಿರಿ'ಯನ್ನು ರಬ್ಬರಿನಿಂದ ಉಜ್ಜತೊಡಗಿದರು. ಹಾಳೆ ತೆಳ್ಳಗಾಗುವಷ್ಟು ಉಜ್ಜಿ, ಪುಡಿ ಊದಿ, ತಲೆ ಎತ್ತದೆ ಕೇಳಿದರು:

"ನಿನ್ ಹೆಸ್ರು ಹೇಳಮ್ಮ. ನಿಮ್ಮಪ್ಪ ಇಟ್ಟಿದ್ದು. ಪೂರ್ತಿ."

ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಪ್ಪನ ಇನಿಷಿಯಲ್ ಸಮೇತ ಹೇಳಿದೆ. ಹೇಳಿದ ಮೇಲೆ ಗೊತ್ತಾಯಿತು, ಕಾನ್ವೆಂಟಿನಲ್ಲಿ ಹಾಜರಿ ಕೂಗಿದಾಗಿನ ಹಾಗೆ ನಾನು ಎದ್ದು ನಿಂತುಬಿಟ್ಟಿದ್ದೆ.