ಮಾವ ಮತ್ತು ಫುಲ್‌ಸ್ಟಾಪ್

ನಿಜಾಮ ಸರ್ಕಾರದ ಪೊಲೀಸ್ ಅಮೀನನಿಗೂ ಹೆದರದ ನನ್ನ ಸೋದರಮಾವ, ಫುಲ್‌ಸ್ಟಾಪ್ ಇಲ್ಲದ ವಾಕ್ಯ ಕಂಡರೆ ಗಡಗಡ ನಡುಗುತ್ತಿದ್ದ ಎಂದರೆ ನಂಬುವಿರಾ? ಲಿಂಗಸುಗೂರಿನ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ ಅವನೆದುರು ಯಾರಾದರೂ "ನಾನು ಮಸ್ಕಿಗೆ ಹೋದೆ, ಆಡು ಕೊಂಡೆ, ಅದು ಕರಿಯದು" ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಬರೆದರೋ, ಮುಗಿಯಿತು.

"ಮೂರು ಮಂದಿ ಬೀಗರನ್ನ ಒಂದೇ ಮಣೀ ಮ್ಯಾಲ ಕುಂದ್ರಿಸೀಯಲ್ಲಲೇ. ನಡುವ ಬರೇ ಕಾಮಾ ತುರುಕಿದ್ರ ಆತೇನು? ಒಬ್ಬೊಬ್ಬರಿಗೆ ಒಂದೊಂದು ಮಣಿ ಹಾಕು, ಫುಲ್‌ಸ್ಟಾಪ್ ಇಡು. ಇಲ್ಲಾ 'ಆಂಡ್' ಅಂತ ಸೇರಿಸು."

ಇಂಥವನಿಗೆ ದೇವರು ಎಂಥ ಹೆಂಡತಿಯನ್ನು ಕೊಟ್ಟಿದ್ದ! ಅತ್ತೆ ಬಾಯಿ ತೆರೆದರೆ, ಸಿಂಧನೂರಿನ ಸಂತೆಯಲ್ಲಿ ಶುರುವಾದ ಸುದ್ದಿ ತವರುಮನೆಯ ಜಗಳವನ್ನೆಲ್ಲ ಸುತ್ತಿಕೊಂಡು ಉಪ್ಪಿನಕಾಯಿಯ ಭರಣಿಯವರೆಗೆ ತಡೆಯಿಲ್ಲದೆ ಬರುತ್ತಿತ್ತು. ಮಾವ ಊಟದ ನಡುವೆಯೇ ಎಂಜಲು ಬೆರಳಿನಿಂದ ಗಾಳಿಯಲ್ಲಿ ಚುಕ್ಕಿ ಇಡುತ್ತಿದ್ದ.

"ಇಲ್ಲಿಗೆ ಒಂದು ಮುಗೀತು. ಉಸಿರು ತಗೋ."

"ಸಾರು ಹಾಕ್ಲೋ ಬ್ಯಾಡೋ, ಅಷ್ಟು ಹೇಳ್ರಿ ಮೊದಲ," ಎನ್ನುತ್ತಿದ್ದಳು ಅತ್ತೆ.

ಒಮ್ಮೆ ಇಬ್ಬರೂ ಸಂತೆಕಲ್ಲೂರಿನ ನಮ್ಮ ಮನೆಗೆ ಬಂದಿದ್ದರು. ಮಧ್ಯಾಹ್ನ ಒಲೆಗೆಂದು ಹಿತ್ತಲಿನ ಬಣವೆಯಿಂದ ಸಗಣಿಯ ಕುಳ್ಳು ತೆಗೆಯಲು ಹೋದ ಅತ್ತೆಯ ಕಾಲಿಗೆ ಹಾವು ಕಡಿಯಿತು. ನಾನು ಗಾಡಿ ಕಟ್ಟಿದೆ, ಮಾವ ಅತ್ತೆಯನ್ನು ಹತ್ತಿಸಿ ಪಕ್ಕದಲ್ಲಿ ಕೂತ. ಹಾವು ಕಡಿದವರನ್ನು ನಿದ್ದೆ ಹೋಗಗೊಡಬಾರದು, ಮಾತಾಡಿಸುತ್ತಲೇ ಇರಬೇಕು ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ಲಿಂಗಸುಗೂರಿನ ದವಾಖಾನೆ ಇನ್ನೂ ದೂರವಿತ್ತು. ಎತ್ತುಗಳ ಬಾಲ ತಿರುವುತ್ತ ಹಿಂದಿರುಗಿ ನೋಡಿದರೆ ಅತ್ತೆಯ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

"ತವರಿನ ಎಮ್ಮಿ ಈದಿತ್ತು," ಎಂದಳು. ಸುಮ್ಮನಾದಳು. ಹುಟ್ಟಿದಾಗಿನಿಂದ ಅವಳಾಡಿದ ಮೊದಲ ಚೊಕ್ಕ ವಾಕ್ಯ ಅದೇ ಇರಬೇಕು!

"ಆಂಡ್?" ಎಂದ ಮಾವ. "ಈದಿತ್ತು, ಮತ್ತ? ಹೆಣ್ಣುಗರಾನೋ, ಗಂಡೋ? ನಿನ್ನ ತಂಗಿ ಏನಂದ್ಳು? ಕಾಮಾ ಹಚ್ಚು, ಏನರೆ ಹಚ್ಚು, ನಿಲ್ಲಸಬ್ಯಾಡ."

"ಹೆಣ್ಣುಗರಾ, ತಂಗಿ ಗಿಣ್ಣ ಮಾಡಿದ್ಳು, ಓಣಿಗೆಲ್ಲಾ ಹಂಚಿದ್ಳು, ನನಗ ಮಾತ್ರ..."

ಗಿಣ್ಣ ಸಿಗದ ಸಿಟ್ಟು ಅತ್ತೆಯ ಕಣ್ಣು ತೆರೆಸಿತು. ಮಾವ ಕೆದಕಿದಷ್ಟೂ ಸಿಟ್ಟು ಏರಿತು. ಅದೇ ಸಿಟ್ಟಿನಲ್ಲಿ ದವಾಖಾನೆ ಮುಟ್ಟಿದೆವು.

ಡಾಕ್ಟರ್ ಸಾಹೇಬರು ಚುಚ್ಚುಮದ್ದು ಕೊಟ್ಟು, ಬಹಳ ಹೊತ್ತು ನಾಡಿ ಹಿಡಿದು ಕೂತರು. ಅತ್ತೆ ಅವರಿಗೂ ಗಿಣ್ಣದ ಕಥೆ ಹೇಳುತ್ತಲೇ ಇದ್ದಳು.

"ಬಸ್, ಅಮ್ಮಾ. ಜೀವಕ್ಕ ಏನೂ ಆಗಂಗಿಲ್ಲ. ಇನ್ನ ಮಾತು ಸಾಕು ಮಾಡ್ರಿ," ಎಂದರು ಸಾಹೇಬರು.

ಮಾವ ಎದ್ದು ಅವರಿಗೆ ಕೈ ಮುಗಿದ.

"ಸಾಹೇಬ್ರ, ಆಕಿ ಮಾತು ಇನ್ನೂ ಮುಗಿದಿಲ್ರೀ. ಹೇಳ್ಲಿ ಬಿಡ್ರಿ," ಎಂದವನೇ ಅತ್ತೆಯ ಕಾಲ ಬಳಿ ಕುಸಿದು ಕೂತು, ಎಲ್ಲರೆದುರು ಅತ್ತುಬಿಟ್ಟ.