ಇನ್ನೂರು ಓದುಗರು ಬೇಕಾಗಿದ್ದಾರೆ

ಕನ್ನಡಕದ ಅಂಗಡಿಯ ಶಟರ್ ಇನ್ನೂ ಪೂರ್ತಿ ಮೇಲೆ ಹೋಗಿರಲಿಲ್ಲ, ಅಷ್ಟರಲ್ಲಿ ಸಂಪಾದಕಿಯ ಸಂದೇಶ ಬಂತು. ಕಣ್ಣು ಪರೀಕ್ಷೆ ಮಾಡುವವನು ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಓದಿದ. “ನಮಸ್ಕಾರ. ಇಂದಿನ ನಿಮ್ಮ ಅಂಕಣಕ್ಕೆ ಸಂಜೆ ಆರರೊಳಗೆ ಇನ್ನೂರು ಓದುಗರು ಸಿಗದಿದ್ದರೆ ಅಂಕಣವನ್ನು ನಿಲ್ಲಿಸಬೇಕಾಗುತ್ತದೆ. ಬೇಸರ ಬೇಡ.”

ಬೇಸರ ಬೇಡ ಎಂದರೆ ಬೇಸರ ನಿಲ್ಲುತ್ತದೆಯೇ? ಎರಡು ವರ್ಷದಿಂದ ಅವನು ಆ ಅಂತರ್ಜಾಲ ಪತ್ರಿಕೆಯಲ್ಲಿ ವಾರವಾರವೂ ಬರೆಯುತ್ತಿದ್ದ. ದಿನವಿಡೀ ಜನರ ಕಣ್ಣಿನೊಳಗೆ ಇಣುಕಿ, ‘ಮೇಲಿನ ಸಾಲು ಓದಿ, ಕೆಳಗಿನ ಸಾಲು ಓದಿ’ ಎನ್ನುವ ಬಾಳಿನಲ್ಲಿ ಅವನಿಗೆ ತನ್ನದು ಎಂದು ಇದ್ದದ್ದು ಆ ಒಂದು ಅಂಕಣ. ಅದರ ಪಕ್ಕದಲ್ಲಿ ಅವನ ಪುಟ್ಟ ಫೋಟೊ ಇತ್ತು. ಗಲ್ಲಕ್ಕೆ ಕೈ ಕೊಟ್ಟು ದೂರಕ್ಕೆ ನೋಡುತ್ತಿರುವ ಫೋಟೊ. ಇವತ್ತಿನ ಲೇಖನದ ಹೆಸರು ‘ಏಕಾಂತದ ಅಂತರಂಗ’. ಓದಿದವರ ಸಂಖ್ಯೆ ನೋಡಿದ. ಮೂರು ಎಂದಿತ್ತು.

ತಕ್ಷಣ ಹೆಂಡತಿಗೆ ಫೋನ್ ಮಾಡಿದ.

“ಲೇ, ಒಂದ್ಸಲ ನನ್ನ ಲೇಖನ ತೆಗೆದು ನೋಡೇ. ಓದದಿದ್ರೂ ಪರವಾಗಿಲ್ಲ, ಸುಮ್ನೆ ತೆಗಿ.”

“ಅಯ್ಯೋ, ಅದೆಲ್ಲ ನನ್ನ ತಲೆಗೆ ಹೋಗಲ್ಲ ರೀ,” ಎಂದಳು ಅವಳು. “ಬರ್ತಾ ಬಟ್ಟೆ ಸೋಪು ತನ್ನಿ. ಹೋದ ಸಲ ತಂದಿದ್ರಲ್ಲ, ಅದು ಬೇಡ.”

ಪಕ್ಕದ ಮೇಜಿನಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಿದ್ದವನು ಇದನ್ನೆಲ್ಲ ಕೇಳಿಸಿಕೊಂಡು ಸ್ಕ್ರೂಡ್ರೈವರ್ ಕೆಳಗಿಟ್ಟ. ಊರಿಗೆಲ್ಲ ಬುದ್ಧಿ ಹೇಳುವುದು ಅವನ ಹುಟ್ಟುಗುಣ. ಯಾರೂ ಕೇಳದಿದ್ದರೂ ಹೇಳುತ್ತಿದ್ದ.

“ಸಾಹಿತಿಗಳೇ, ಓದುಗರು ಇಲ್ಲಾಂತ ಯಾಕೆ ತಲೆ ಕೆಡಿಸ್ಕೋತೀರಿ? ದಿನಾ ನಿಮ್ಮ ಮುಂದೆ ಜನ ಬಂದು ಕೂತ್ಕೊಂಡು ‘ಏನು ಓದ್ಲಿ, ಏನು ಓದ್ಲಿ’ ಅಂತಾರಲ್ಲ!”

ಸಾಹಿತಿಗೆ ಮಿಂಚು ಹೊಡೆದಂತಾಯಿತು. ಓದುವ ಅಕ್ಷರಗಳ ರಟ್ಟನ್ನು ಎತ್ತಿ ಡ್ರಾಯರಿಗೆ ಹಾಕಿ, ಅದರ ಜಾಗದಲ್ಲಿ ತನ್ನ ಫೋನನ್ನೇ ಹಿಡಿಯಲು ಸಿದ್ಧನಾದ.

ಮೊದಲು ಬಂದದ್ದು ಹೊಲಿಗೆ ಮಾಡುವ ಒಬ್ಬ ಹೆಂಗಸು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಬಂದಿದ್ದಳು. ಅವಳ ಮೂಗಿನ ಮೇಲೆ ಪರೀಕ್ಷೆಯ ಕನ್ನಡಕ ಏರಿಸಿ, ಫೋನ್ ಮುಂದೆ ಹಿಡಿದ.

“‘ಏಕಾಂತವೆಂಬುದು ಅಂತರಂಗದ ಅನಂತ ಮೌನದ ಅನುರಣನ...’” ಎಂದು ಓದಿ ಅವಳು ನಿಂತಳು. “ಸಾರ್, ಅಕ್ಷರ ಚೆನ್ನಾಗೇ ಕಾಣ್ತಿದೆ. ಆದ್ರೆ ಏನೂ ಗೊತ್ತಾಗ್ತಿಲ್ಲ.”

ಅವನು ಗಾಜು ಬದಲಾಯಿಸಿದ. “ಈಗ?”

“ಈಗಲೂ ಹಾಗೇ.”

ಇನ್ನೊಂದು ಗಾಜು ಹಾಕಿದ. “ಈಗ ನೋಡಿ. ಪೂರ್ತಿ ಓದಿ.”

“ಈಗ ತಲೆ ನೋಯ್ತಿದೆ ಸಾರ್. ನಂಗೆ ಬರೀ ಸೂಜಿ ಕಣ್ಣು ಕಂಡ್ರೆ ಸಾಕು.”

ಹೀಗೆ ಮಧ್ಯಾಹ್ನದವರೆಗೆ ಬಂದವರಿಗೆಲ್ಲ ಏಕಾಂತವನ್ನು ಓದಿಸಿದ. ಆಮೇಲೆ ಆಸೆಯಿಂದ ಸಂಖ್ಯೆ ನೋಡಿದರೆ ಮೂರು ಅಲ್ಲಾಡದೆ ನಿಂತಿತ್ತು.

ಫ್ರೇಮಿನವನು ನಿಧಾನವಾಗಿ ಹೇಳಿದ, “ನಿಮ್ಮ ಫೋನಲ್ಲಿ ಊರೆಲ್ಲ ಓದಿದ್ರೂ ಅದು ಒಬ್ಬರ ಲೆಕ್ಕ ಸಾಹಿತಿಗಳೇ. ಅವರವರ ಫೋನಲ್ಲಿ ಓದಿಸ್ಬೇಕು.”

“ಇದನ್ನ ಬೆಳಿಗ್ಗೆ ಹೇಳೋಕೆ ಏನಾಗಿತ್ತು ನಿಂಗೆ?”

“ನೀವು ಕೇಳಲಿಲ್ಲವಲ್ಲ.”

ಮುಂದೆ ಬಂದವರು ನಿವೃತ್ತ ಮೇಷ್ಟರೊಬ್ಬರು. “ನಿಮ್ಮ ಫೋನ್ ಕೊಡಿ, ದಿನಾ ನೋಡೋ ಅಕ್ಷರದಲ್ಲೇ ಪರೀಕ್ಷೆ ಮಾಡಿದ್ರೆ ಒಳ್ಳೇದು,” ಎಂದು ನಂಬಿಸಿ ಲೇಖನ ತೆರೆದುಕೊಟ್ಟ. ಸಂಖ್ಯೆ ನಾಲ್ಕಾಯಿತು. ಮೇಷ್ಟರು ಮಾತಾಡದೆ ಓದತೊಡಗಿದರು. ಒಬ್ಬ ರಸಿಕ ಕೊನೆಗೂ ಸಿಕ್ಕ ಎಂದು ಇವನ ಕಣ್ಣು ತೇವವಾಯಿತು. ಬಹಳ ಹೊತ್ತಾದರೂ ಅವರು ತಲೆ ಎತ್ತಲಿಲ್ಲ. ಬಗ್ಗಿ ನೋಡಿದರೆ, ಪರೀಕ್ಷೆಯ ಕನ್ನಡಕ ಹಾಕಿಕೊಂಡೇ ಮೇಷ್ಟರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಹೊರಗೆ ಸಾಲಿನಲ್ಲಿ ಕಾಯುತ್ತಿದ್ದವರು ಗದ್ದಲ ಎಬ್ಬಿಸಿದರು. ಅಂಗಡಿಯ ಯಜಮಾನರು ಪರದೆ ಸರಿಸಿ ಒಳಗೆ ಬಂದರು.

“ಇದೇನ್ರೀ, ಕಣ್ಣು ಪರೀಕ್ಷೆನಾ, ಕಣ್ಣು ಮುಚ್ಚಿಸೋ ಪರೀಕ್ಷೆನಾ?”

“ಸಾರ್, ಅವರು ಓದ್ತಾ ಓದ್ತಾ...”

ಯಜಮಾನರು ಮೇಷ್ಟರ ಕೈಯಿಂದ ಜಾರುತ್ತಿದ್ದ ಫೋನ್ ಹಿಡಿದು ಎರಡು ಸಾಲು ಓದಿದರು. ಅವರಿಗೂ ಆಕಳಿಕೆ ಬಂತು. ಅದನ್ನು ನುಂಗಿಕೊಂಡು ಗುಡುಗಿದರು. “ಇನ್ನೊಬ್ಬ ಗಿರಾಕಿಗೆ ಇದನ್ನ ತೋರಿಸಿದ್ರೆ ನಾಳೆಯಿಂದ ನೀವು ಮನೇಲೇ ಏಕಾಂತವಾಗಿರಬಹುದು!”

ಸಾಹಿತಿ ಮುಖ ಸಪ್ಪಗೆ ಮಾಡಿಕೊಂಡು ಕೂತ. ಫ್ರೇಮಿನವನು ಸ್ಟೂಲ್ ಎಳೆದುಕೊಂಡು ಹತ್ತಿರ ಬಂದ.

“ತಪ್ಪು ತಲೆಬರಹದ್ದು. ‘ಏಕಾಂತದ ಅಂತರಂಗ’ ಅಂದ್ರೆ ಯಾರು ಬರ್ತಾರೆ? ನೋಡಿದ ಕೂಡ್ಲೇ ಜನಕ್ಕೆ ಕೈ ತುರಿಸ್ಬೇಕು. ಲೇಖನದಲ್ಲಿ ಏನಿದೆ?”

“ಬೆಳಗಿನ ಜಾವ ಎದ್ದು, ಮನೆಯವರೆಲ್ಲ ಮಲಗಿರುವಾಗ, ಕಿಟಕಿಯ ಬಳಿ ಕೂತು ನಾನು ಮಾಡುವ ಆತ್ಮಚಿಂತನೆ.”

“ಬರ್ಕೊಳ್ಳಿ. ‘ಮನೆಯವರು ಮಲಗಿದ ಮೇಲೆ ನಾನು ಕದ್ದು ಮಾಡುವ ಕೆಲಸ.’”

“ಛೀ, ಛೀ!”

“ನಿಮ್ಮಿಷ್ಟ. ಆರು ಗಂಟೆಗೆ ಅಂಕಣಕ್ಕೆ ಹಾರ ಹಾಕೋಣ.”

ಸಾಹಿತಿ ಕಣ್ಣು ಮುಚ್ಚಿಕೊಂಡು ತಲೆಬರಹ ಬದಲಿಸಿದ. ಗಾಜು ಒರೆಸುವ ಬಟ್ಟೆ ಮಡಿಸಿಡುವಷ್ಟರಲ್ಲಿ ಸಂಖ್ಯೆ ನಲವತ್ತಾಯಿತು. ಅವನು ಹಿಗ್ಗಿಹೋದ. ಆದರೆ ಬಂದವರು ಸುಮ್ಮನೆ ಹೋಗಲಿಲ್ಲ. ಲೇಖನದ ಕೆಳಗೆ ಒಬ್ಬರಾದ ಮೇಲೊಬ್ಬರು ಬರೆದರು. ‘ಕೆಲಸ ಎಲ್ಲಿ?’ ‘ಕೊನೆವರೆಗೂ ಹುಡುಕಿದೆ, ಬರೀ ಕಿಟಕಿ ಸಿಕ್ತು.’ ‘ನನ್ನ ಸಮಯ ವಾಪಸ್ ಕೊಡಿ.’

ಅವರ ನಡುವೆ ‘ಓದಿ ಕೆಟ್ಟವರು’ ಎಂಬ ಹೆಸರಿನಲ್ಲಿ ಒಬ್ಬರು ಬರೆದದ್ದು ಬೇರೆಯೇ ತರಹ ಇತ್ತು. ‘ಅಂತರಂಗ, ಅಂತರಂಗ ಅಂತ ಸಾಲಿಗೊಂದು ಸಲ ಬರೆದಿದ್ದೀರಿ. ಒಳಗೆ ಏನಿದೆ ಅಂತ ಒಂದು ಸಲವೂ ಬರೆದಿಲ್ಲ. ಖಾಲಿ ಬೀರುವಿಗೆ ಎಷ್ಟು ಬೀಗ ಸ್ವಾಮಿ?’

ಅದನ್ನು ಮೆಚ್ಚಿದವರ ಸಂಖ್ಯೆ ನೋಡನೋಡುತ್ತಲೇ ಏರಿತು. ಸಾಹಿತಿಗೆ ಮೈಯೆಲ್ಲ ಉರಿಯಿತು.

“ಉತ್ತರ ಕೊಡಿ,” ಎಂದ ಫ್ರೇಮಿನವನು, ಕೈ ಉಜ್ಜಿಕೊಳ್ಳುತ್ತ. “ಜಗಳ ಅಂದ್ರೆ ಜನ ಊಟ ಬಿಟ್ಟು ಬರ್ತಾರೆ.”

ಸಾಹಿತಿ ಬರೆದ. ‘ಸೂಕ್ಷ್ಮ ಸಂವೇದನೆಯಿಲ್ಲದವರಿಗೆ ಮೌನದ ಭಾಷೆ ತಿಳಿಯದು.’

ಮರುಕ್ಷಣವೇ ಉತ್ತರ ಬಂತು. ‘ಮೌನದ ಬಗ್ಗೆ ಇಷ್ಟುದ್ದ ಮಾತಾಡಿದವರನ್ನು ಇವತ್ತೇ ನೋಡಿದ್ದು.’

ಅಂಗಡಿಯ ಆ ಕೊನೆಯಲ್ಲಿ ಯಜಮಾನರು ತಮ್ಮ ಫೋನ್ ನೋಡಿ ಕಿಸಕ್ಕನೆ ನಕ್ಕರು. ಸಾಹಿತಿಗೆ ಅನುಮಾನ ಬಂದರೂ ಕೇಳುವ ಧೈರ್ಯ ಬರಲಿಲ್ಲ. ‘ನಿಮ್ಮ ನಿಜವಾದ ಹೆಸರು ಹೇಳಿ ಮಾತಾಡಿ’ ಎಂದು ಸವಾಲು ಹಾಕಿದ. ‘ಹೆಸರು ಹೇಳಿದರೆ ನೀವು ಅಂತರಂಗಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀರಿ’ ಎಂದಿತು ಉತ್ತರ. ಜನ ಗುಂಪುಗುಂಪಾಗಿ ಬಂದರು, ತಮ್ಮವರನ್ನೂ ಕರೆತಂದರು. ಇವನೂ ಬಿಡಲಿಲ್ಲ, ‘ಓದಿ ಕೆಟ್ಟವರೂ’ ಬಿಡಲಿಲ್ಲ. ಗಿರಾಕಿಗಳ ಬಲಗಣ್ಣಿನ ನಂಬರು ಎಡಗಣ್ಣಿಗೆ ಹೋಯಿತು. ನಡುವೆ ಹೆಂಡತಿ ಫೋನ್ ಮಾಡಿ ಸೋಪಿನ ನೆನಪು ಮಾಡಿದಳು.

“ಸೋಪಿರಲಿ! ಇಲ್ಲೊಬ್ಬ ಪಾಪಿ ನನ್ನ ಮಾನ ತೆಗೀತಿದಾನೆ ಕಣೇ.”

“ಹೌದಾ? ಪಾಪ. ಏನಂದ?”

ಅವನು ಒಂದೊಂದನ್ನೂ ಓದಿ ಹೇಳಿದ. ಅವಳು ಪೂರ್ತಿ ಕೇಳಿ, “ತುಂಬಾ ಹಚ್ಕೋಬೇಡಿ,” ಎಂದು ಸಮಾಧಾನ ಹೇಳಿದಳು.

ಆರು ಗಂಟೆಗೆ ಸಂಖ್ಯೆ ನಾಲ್ಕು ಸಾವಿರ ದಾಟಿತ್ತು. ಫ್ರೇಮಿನವನು ಸಾಹಿತಿಯನ್ನು ತಬ್ಬಿಕೊಂಡ. ಅಷ್ಟರಲ್ಲಿ ಸಂಪಾದಕಿಯ ಫೋನ್ ಬಂತು.

“ಅಭಿನಂದನೆಗಳು ಸಾರ್! ನಮ್ಮ ಪತ್ರಿಕೆಗೆ ಇಷ್ಟು ಜನ ಯಾವತ್ತೂ ಬಂದಿರಲಿಲ್ಲ.”

“ಹಾಗಾದ್ರೆ ಅಂಕಣ ಉಳೀತು ಅನ್ನಿ.”

“ಖಂಡಿತ ಉಳೀತು. ಮುಂದಿನ ವಾರದಿಂದ ‘ಓದಿ ಕೆಟ್ಟವರು’ ಬರೀತಾರೆ. ಜನ ನಿಮ್ಮ ಲೇಖನದ ಮೇಲೆ ಒಂದು ಕ್ಷಣವೂ ನಿಲ್ತಾ ಇಲ್ಲ ಸಾರ್, ನೇರ ಕೆಳಗೇ ಹೋಗ್ತಿದಾರೆ. ಬೇಜಾರು ಮಾಡ್ಕೋಬೇಡಿ. ನೀವು ಕೆಳಗಡೆ ಪ್ರತಿಕ್ರಿಯೆ ಬರೀಬಹುದು, ಅದು ಎಲ್ಲರಿಗೂ ಮುಕ್ತ.”

“ಯಾರ್ರೀ ಆ ಮನುಷ್ಯ?”

“ಹೆಸರು ಹೇಳಬಾರದು ಅಂದಿದಾರೆ. ನೀವು ನೊಂದ್ಕೋತೀರಂತೆ.”

ಅವನು ಮನೆಗೆ ಬಂದದ್ದು ಸೋಪಿಲ್ಲದೆ. ಹೆಂಡತಿ ಊಟದ ಮೇಜಿನ ಮೇಲೆ ಒಂದಿಷ್ಟು ಹಾಳೆ ಹರಡಿಕೊಂಡು, ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಳು. ಅವನ ಮುಖ ನೋಡಿ, ಹಾಳೆಗಳನ್ನು ಕೈಯಿಂದ ಮುಚ್ಚಿದಳು. ಮುಚ್ಚಿದ ಬೆರಳುಗಳ ಸಂದಿನಲ್ಲಿ ‘ಓದಿ ಕೆಟ್ಟವರು’ ಎಂಬ ತಲೆಬರಹ ದಪ್ಪಗೆ ಕಾಣುತ್ತಿತ್ತು.

ಕೂಗಾಡಬೇಕು ಎಂದು ಗಂಟಲವರೆಗೆ ಬಂದದ್ದು ಅಲ್ಲೇ ನಿಂತು, ಬೇರೆಯೇ ಮಾತಾಗಿ ಹೊರಬಿತ್ತು.

“ಅಂದ್ರೆ... ನೀನು ನನ್ನ ಲೇಖನ ಓದ್ತಿದ್ದೆಯಾ?”

“ಎರಡು ವರ್ಷದಿಂದ. ಒಂದು ವಾರಾನೂ ಬಿಟ್ಟಿಲ್ಲ,” ಎಂದಳು ಅವಳು, ಮೆಲ್ಲಗೆ. “ಎದುರಿಗೆ ಹೇಳಿದ್ರೆ ಊಟ ಬಿಡ್ತೀರಿ. ಅದಕ್ಕೇ ಅಲ್ಲಿ ಬರೆದೆ. ಜನ ಅಷ್ಟು ಇಷ್ಟಪಡ್ತಾರೆ ಅಂತ ನನಗೇನು ಗೊತ್ತು?”

ಅವನಿಗೆ ಸಿಟ್ಟೂ ಬಂತು, ಸಂತೋಷವೂ ಆಯಿತು. ಎರಡರಲ್ಲಿ ಸಂತೋಷವೇ ಒಂದು ಕೈ ಮೇಲಾಯಿತು. ಪ್ರತಿವಾರ, ಪ್ರತಿಸಾಲು, ಓದುವವಳೊಬ್ಬಳು ಇದ್ದಳು! ಅಂಕಣ ಹೋದರೆ ಹೋಯಿತು. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

“ನಾನು ಸುಮ್ನೆ ನನ್ನ ಪಾಡಿಗೆ ಬರೀತಾ ಇರ್ತೀನಿ. ನೀನು ಓದ್ತಾ ಇರು, ಅಷ್ಟು ಸಾಕು ನಂಗೆ.”

“ಇನ್ಮೇಲೆ ನನಗೆಲ್ಲಿ ರೀ ಪುರುಸೊತ್ತು?” ಎಂದು ಅವಳು ಹಾಳೆಗಳನ್ನು ಜೋಡಿಸಿ ಅವನ ಕೈಗಿಟ್ಟಳು. “ವಾರವಾರ ನಾನೇ ಬರೀಬೇಕಲ್ಲ. ತಗೊಳ್ಳಿ, ಇದನ್ನ ಓದಿ. ಎಲ್ಲಾದ್ರೂ ಬೋರ್ ಹೊಡೆದ್ರೆ ಹೇಳಿ. ಅದರಲ್ಲಿ ನಿಮಗೆ ಅನುಭವ ಇದೆ.”