ಒಲೆ ಆರಿಸಿ ಹೊರಡುವವಳು

ನಮ್ಮ ದೊಡ್ಡಮ್ಮ ಯಾವ ಗಳಿಗೆಯಲ್ಲಾದರೂ ಮಾಯವಾಗಿಬಿಡಬಹುದು! ನಗಬೇಡಿ. ಚಾಮರಾಜಪೇಟೆಯ ಅವಳ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಹಾಲಿನವನಿಗೆ ಗೊತ್ತು, ಹೂವಿನವಳಿಗೆ ಗೊತ್ತು, ಗ್ಯಾಸ್ ಸಿಲಿಂಡರ್ ತರುವವನಿಗಂತೂ ಚೆನ್ನಾಗಿ ಗೊತ್ತು. ಒಂದು ದಿನ ಆಕಾಶದಲ್ಲಿ ಕಹಳೆ ಊದುತ್ತದೆ, ಕರ್ತನು ತನ್ನವರನ್ನು ಕರೆಯುತ್ತಾನೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವರೆಲ್ಲ ಮೇಲೆ! ಮಿಕ್ಕವರು ಕೆಳಗೆ, ಕಷ್ಟಕ್ಕೆ. ನಾವು ಕ್ರೈಸ್ತರ ಮನೆಯವರು, ಇದನ್ನು ಕೇಳಿಯೇ ಬೆಳೆದವರು. ಆದರೆ ನಾವೆಲ್ಲ ಕೇಳಿ, ಊಟ ಮಾಡಿ ಮಲಗಿದೆವು. ದೊಡ್ಡಮ್ಮ ಮಾತ್ರ ಸ್ಟೌ ಆರಿಸಲು ಶುರು ಮಾಡಿದಳು.

ಹೌದು, ಸ್ಟೌ! ಬಾಗಿಲಿಗೆ ಯಾರಾದರೂ ಬಂದರೆ ಆರಿಸುತ್ತಾಳೆ. ಫೋನ್ ಬಂದರೆ ಆರಿಸುತ್ತಾಳೆ. ಕೇಳಿದರೆ, "ನಾನು ಹೋದ್ಮೇಲೆ ಬೆಂಕಿ ಉರೀತಾನೇ ಇದ್ರೆ? ಮನೆ ಹತ್ಕೊಂಡ್ರೆ? ನಿಮ್ಮ ದೊಡ್ಡಪ್ಪ ಒಳಗೇ ಇರ್ತಾರಲ್ಲೇ!" ಎನ್ನುತ್ತಾಳೆ. ಪರಿಣಾಮ ಏನೆಂದರೆ, ಆ ಮನೆಯಲ್ಲಿ ಪೂರ್ತಿ ಬೆಂದ ಹುರುಳಿಕಾಯಿಯನ್ನು ನಾನು ಈವರೆಗೆ ಕಂಡಿಲ್ಲ.

ದೊಡ್ಡಪ್ಪ ಒಳಗೇ ಯಾಕಿರುತ್ತಾರೆ ಅಂತೀರಾ? ಅವರು ಲಿಂಗಾಯತರು. ಅವೆನ್ಯೂ ರಸ್ತೆಯಲ್ಲಿ ಅವರದ್ದೊಂದು ಸ್ಟೇಷನರಿ ಅಂಗಡಿ ಇತ್ತು. ಅಲ್ಲಿಗೆ ಪೆನ್ನು ಕೊಳ್ಳಲು ಹೋದ ದೊಡ್ಡಮ್ಮ ಅವರನ್ನೇ ಮದುವೆಯಾದಳು. ಇಂದಿಗೂ ಬೆಳಿಗ್ಗೆ ಒಂದು ಕೋಣೆಯಲ್ಲಿ ಲಿಂಗಪೂಜೆ, ಪಕ್ಕದ ಕೋಣೆಯಲ್ಲಿ ಸತ್ಯವೇದ ಪಾರಾಯಣ. ಜಗಳವಿಲ್ಲ. ಆದರೆ ದೊಡ್ಡಮ್ಮನ ನಂಬಿಕೆಯ ಪ್ರಕಾರ ಅವಳು ಹೋಗುವವಳು, ಅವರು ಉಳಿಯುವವರು. ಅದಕ್ಕೇ ಅವರಿಗೆ ಸಾರು ಮಾಡಲು ಕಲಿಸುತ್ತಿದ್ದಾಳೆ. ದೊಡ್ಡಪ್ಪನಿಗೋ ತಮಾಷೆ. "ಹೋಗೋದು ಹೋಗ್ತೀಯ, ಬೀರು ಕೀ ಎಲ್ಲಿಟ್ಟಿದೀಯ ಅಂತ ಹೇಳಿ ಹೋಗೇ!" ಎನ್ನುತ್ತಾರೆ. ಅವಳು ನಗುವುದಿಲ್ಲ. ಅಡುಗೆಮನೆಗೆ ಹೋಗಿಬಿಡುತ್ತಾಳೆ, ಆಮೇಲೆ ನೋಡಿದರೆ ಕಣ್ಣು ಕೆಂಪಗಿರುತ್ತದೆ.

ಮಧ್ಯಾಹ್ನ ಆ ಬೀದಿ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಆಟೋ ಇಲ್ಲ, ಕಾಗೆ ಇಲ್ಲ, ಪಕ್ಕದ ಮನೆಯ ಟಿವಿಯೂ ಇಲ್ಲ. ಆಗ ಅಡುಗೆಮನೆಯಿಂದ ಕೂಗು ಬರುತ್ತದೆ.

"ರೀ!"

"ಇದೀನಿ ಕಣೇ!"

ಉತ್ತರ ತಡವಾಯಿತೋ, ಸ್ಟೌ ಆರಿಸಿ ಸೌಟು ಹಿಡಿದು ಬಂದು ನಿಲ್ಲುತ್ತಾಳೆ. ಹೋಗುವವಳು ತಾನಾದರೂ ಇವರೆಲ್ಲಿ ಮಾಯವಾದರೋ ಎಂಬ ದಿಗಿಲು!

ಒಮ್ಮೆ ನಾನೂ ದೊಡ್ಡಮ್ಮನೂ ತರಕಾರಿ ತರಲು ಹೊರಟಿದ್ದೆವು. ಫುಟ್‌ಪಾತಿನ ಮೇಲೆ ಒಂದು ಜೊತೆ ಚಪ್ಪಲಿ. ಅಕ್ಕಪಕ್ಕ ನೀಟಾಗಿ, ಯಾರೋ ಅದರಲ್ಲಿ ನಿಂತಿದ್ದವರು ಹಾಗೇ ಕರಗಿಹೋದಂತೆ. ಸುತ್ತ ಯಾರೂ ಇಲ್ಲ. ದೊಡ್ಡಮ್ಮ ನನ್ನ ತೋಳು ಹಿಡಿದಳು.

"ಯಾರೋ ಹೋದ್ರು ಕಣೇ. ನಾವು ಉಳಿದ್ಬಿಟ್ವಿ."

ನಾನೂ ದಿಗಿಲಿನಿಂದ ಬೀದಿಯ ಆ ತುದಿ ಈ ತುದಿ ನೋಡಿದೆ. ಅಷ್ಟರಲ್ಲಿ ಮೇಲಿನಿಂದ ಒಂದು ಗಂಡುದನಿ: "ಅಮ್ಮಾ, ಅಲ್ಲಿ ಕಟಿಂಗ್ ಪ್ಲೇಯರ್ ಬಿದ್ದಿದೆ, ಸ್ವಲ್ಪ ಎತ್ಕೊಡ್ತೀರಾ?" ಕಂಬ ಹತ್ತಿದ್ದ ಕೇಬಲ್‌ನವನು! ನಾನು ನಕ್ಕೆ, ನಿಜ. ಆದರೆ ಈ ದಿಗಿಲು ಅಂಟುಜಾಡ್ಯ ನೋಡಿ, ವಾಪಸ್ ಮಲ್ಲೇಶ್ವರದ ನನ್ನ ಮನೆಗೆ ಹೋಗುವಾಗ ಮೆಟ್ರೋದ ಖಾಲಿ ಸೀಟಿನ ಮೇಲೆ ಯಾರದ್ದೋ ಛತ್ರಿ ಕಂಡು ಮೇಲಕ್ಕೆ ನೋಡಿದೆ.

ನಮ್ಮ ಚರ್ಚಿನ ಸಭೆಗೆ ಹೊಸದಾಗಿ ಬಂದ ಸಭಾಪಾಲಕರನ್ನು ದೊಡ್ಡಮ್ಮ ಊಟಕ್ಕೆ ಕರೆದಳು. ಪಾಪ, ಅವರು ಹುರುಳಿಕಾಯಿ ಅಗಿಯುತ್ತಲೇ ವಿವರಿಸಿದರು.

"ಅಮ್ಮಾ, ಅಪೊಸ್ತಲ ಪೌಲ ಥೆಸಲೊನೀಕದ ಸಭೆಯವರಿಗೆ ಆ ಕಹಳೆ ಮಾತು ಬರೆದಿದ್ದು ಹೆದರಿಸೋಕಲ್ಲ. ತಮ್ಮವರು ಸತ್ತುಹೋದ್ರಲ್ಲ, ಕರ್ತ ಬರೋವಾಗ ಅವರ ಗತಿ ಏನು ಅಂತ ಅವರು ಅಳ್ತಿದ್ರು. ಸತ್ತವರು ಮೊದಲು ಏಳ್ತಾರೆ, ಆಮೇಲೆ ಬದುಕಿರೋವ್ರೂ ಅವರ ಜೊತೆಗೇ ಮೋಡಗಳಲ್ಲಿ ಆತನನ್ನ ಎದುರುಗೊಳ್ತಾರೆ ಅಂತ ಸಮಾಧಾನ ಹೇಳಿದ್ದು."

ದೊಡ್ಡಮ್ಮ ಬಿಡಲಿಲ್ಲ. "ಮತ್ತೆ ಯೇಸು ಹೇಳಿದ, ಬೀಸೋ ಕಲ್ಲಿನ ಹತ್ರ ಇರೋ ಇಬ್ಬರು ಹೆಂಗಸರು? ಒಬ್ಬಳನ್ನ ತಗೊಂಡು ಒಬ್ಬಳನ್ನ ಬಿಡೋದು?"

"ಅದಕ್ಕೆ ಮೊದಲು ನೋಹನ ಪ್ರಳಯದ ಮಾತು ಬರತ್ತೆ. ಅಲ್ಲಿ ನೀರು ಕೊಚ್ಕೊಂಡು ಹೋಗಿದ್ದು ಕೆಟ್ಟವರನ್ನ, ಉಳಿದಿದ್ದು ನೋಹ. ಹಾಗೆ ಓದಿದ್ರೆ ಉಳಿಯೋದೇ ಭಾಗ್ಯ. ಕಷ್ಟಕಾಲಕ್ಕೆ ಮೊದಲೇ ಕರ್ತ ತನ್ನವರನ್ನ ಗುಟ್ಟಾಗಿ ಎತ್ಕೊಂಡು ಹೋಗ್ತಾನೆ ಅನ್ನೋ ಬೋಧನೆ ಜೋರಾಗಿದ್ದು ಸುಮಾರು ಇನ್ನೂರು ವರ್ಷದಿಂದೀಚೆಗೆ, ಬ್ರಿಟನ್ ಕಡೆ. ಅಲ್ಲಿ ಇಲ್ಲಿ ಇದ್ದ ಮಾತುಗಳನ್ನ ಒಟ್ಟಿಗೆ ಜೋಡಿಸಿದ್ರು. ಆಮೇಲೆ ಅಮೆರಿಕದಲ್ಲಿ ಹಬ್ಬಿತು."

"ಇನ್ನೂರೇನಾ?" ದೊಡ್ಡಪ್ಪ ಕುರ್ಚಿಯಿಂದಲೇ ಕೂಗಿದರು. "ನಮ್ಮ ಅಂಗಡಿ ಗಲ್ಲಾಪೆಟ್ಟಿಗೆಗಿಂತ ಸ್ವಲ್ಪ ಹಳೇದು ಅಷ್ಟೆ!"

ದೊಡ್ಡಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. "ಜೊತೆಗೆ ಅಂತ ಇದೆಯಲ್ಲ ಅಯ್ಯಾ," ಎಂದಳು, ಮೆಲ್ಲಗೆ. "ಅದರಲ್ಲಿ ನಮ್ಮ ಮನೆಯವರೂ..."

ಸಭಾಪಾಲಕರು ಅಗಿಯುವುದನ್ನು ನಿಲ್ಲಿಸಿದರು. "ಅದು ಕರ್ತನಿಗೆ ಬಿಟ್ಟಿದ್ದಮ್ಮಾ" ಎಂದರು. ಅವಳು ಸ್ಟೌ ಆರಿಸಿ, ಅವರನ್ನು ಬಾಗಿಲವರೆಗೆ ಕಳಿಸಿ ಬಂದಳು.

ಮೊನ್ನೆ ಮಧ್ಯಾಹ್ನ ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. "ದೊಡ್ಡಮ್ಮಾ!" ಎಂದೆ. ಉತ್ತರವಿಲ್ಲ. ಹಜಾರದಲ್ಲಿ ಫ್ಯಾನು ತಿರುಗುತ್ತಿದೆ, ತೆರೆದ ಸತ್ಯವೇದದ ಮೇಲೆ ಕನ್ನಡಕ, ಹೊಸ್ತಿಲ ಬಳಿ ಅವಳ ಚಪ್ಪಲಿ. ಎಲ್ಲಿಂದಲೋ ಗುಂಯ್ ಎನ್ನುವ ಒಂದು ಸದ್ದು. ಅಡುಗೆಮನೆಗೆ ಹೋದೆ.

ಸ್ಟೌ ಉರಿಯುತ್ತಿತ್ತು. ಸಾರು ಇಂಗಿ ತಳ ಕಪ್ಪಾಗಿತ್ತು.

ಬೇರೆ ಯಾರ ಮನೆಯಲ್ಲಾದರೂ ಇದು ಮರೆವು. ಈ ಮನೆಯಲ್ಲಿ? ಸ್ಟೌ ಆರಿಸಿದೆ. ದೊಡ್ಡಪ್ಪನ ಕುರ್ಚಿ ನೋಡಿದೆ, ಅದೂ ಖಾಲಿ! ಲಿಂಗ ಕಟ್ಟಿದ ದೊಡ್ಡಪ್ಪನನ್ನೂ ಕರೆಸಿಕೊಂಡ ಮೇಲೆ ಉಳಿದವಳು ನಾನೊಬ್ಬಳೇನಾ? ಆಗಲೇ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು, ಗುಂಯ್ ಸದ್ದೂ ನಿಂತಿತು. ಕಿಟಕಿಯಾಚೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. "ಯಾರಾದ್ರೂ ಇದೀರಾ?" ಎಂದು ಕಿರುಚಿದೆ.

"ಇದೀವಿ ಕಣೇ!"

ಹಿತ್ತಲಿನಿಂದ! ಓಡಿದೆ. ನೀರು ಮೇಲೇರಿಸುವ ಮೋಟಾರಿನ ಪಕ್ಕ ದೊಡ್ಡಪ್ಪ ನೆಲದ ಮೇಲೆ ಮಲಗಿದ್ದರು, ತಲೆ ದೊಡ್ಡಮ್ಮನ ತೊಡೆಯ ಮೇಲೆ. ಅವಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಮೋಟಾರಿನ ಸದ್ದಿನಲ್ಲಿ ನನ್ನ ಮೊದಲ ಕೂಗು ಅವರಿಗೆ ಕೇಳಿಸಿರಲಿಲ್ಲ.

"ತಲೆ ಸುತ್ತಿ ಬಿದ್ದೆ, ಕಾಲು ಉಳುಕಿದೆ, ಅಷ್ಟೇ," ಎಂದರು ದೊಡ್ಡಪ್ಪ. "ಇವಳು ಏಳೋಕೇ ಬಿಡ್ತಿಲ್ಲ."

"ದೊಡ್ಡಮ್ಮಾ, ಸ್ಟೌ ಉರೀತಾ ಇತ್ತು!"

ಅವಳು ಬೆಚ್ಚಿ ನನ್ನ ಮುಖ ನೋಡಿದಳು. "ಆರಿಸ್ಲಿಲ್ವಾ ನಾನು?" ಆಮೇಲೆ ತಲೆಯೆತ್ತಿ ಆಕಾಶ ನೋಡಿದಳು, ತಗ್ಗಿಸಿ ಅವರನ್ನು ನೋಡಿದಳು. "ಧಡ್ ಅಂತ ಸದ್ದು ಕೇಳಿಸ್ತು, ಓಡಿ ಬಂದೆ. ಆಗ ಕಹಳೆ ಊದಿದ್ರೂ ನಾನು ಹೋಗ್ತಿರ್ಲಿಲ್ಲ ಕಣೇ. ಇವರನ್ನ ಹೀಗೆ ಬಿಟ್ಟು ಹೇಗೆ ಹೋಗ್ಲಿ?"

ದೊಡ್ಡಪ್ಪ ತಮಾಷೆ ಮಾಡಲಿಲ್ಲ. ಗಾಳಿ ಹಾಕುತ್ತಿದ್ದ ಆ ಕೈಯನ್ನು ಹಿಡಿದು ತಮ್ಮ ಎದೆಯ ಮೇಲೆ, ಲಿಂಗದ ಕರಡಿಗೆಯ ಪಕ್ಕದಲ್ಲಿ ಇಟ್ಟುಕೊಂಡರು.

ನಾನು ಕಣ್ಣೊರೆಸಿಕೊಂಡು ಆಟೋ ತರಲು ಓಡಿದೆ. ಗೇಟು ದಾಟುವವರೆಗೂ ಹಿಂದಿನಿಂದ ಕೇಳಿಸುತ್ತಲೇ ಇತ್ತು.

"ರೀ!"

"ಇದೀನಿ ಕಣೇ."